ಕೇಳಲಾಗಿದೆ, ಏನೂ ಇಲ್ಲ

ಜನವರಿ 9

ಚಿಕ್ಕಮ್ಮಾ,

ನಿನಗೆ ಕಿವಿ ಕೇಳಲ್ಲ, ನನಗೆ ಫೋನಲ್ಲಿ ಅರಚೋಕೆ ಆಗಲ್ಲ. ಹೋದ ಸಲ ಅರಚಿದಾಗ ಪಕ್ಕದ ಮನೆಯವರು ಬಂದು ಬಾಗಿಲು ತಟ್ಟಿ, ಯಾರಾದ್ರೂ ಬಿದ್ರಾ ಅಂತ ಕೇಳಿದ್ರು. ಅದಕ್ಕೇ ಕಾಗದ. ನೀನೂ ಕಾಗದದಲ್ಲೇ ಉತ್ತರ ಕೊಡು, ಅಣ್ಣನ ಕೈಲಿ ಮೆಸೇಜ್ ಹಾಕಿಸಬೇಡ. ನೀನು ಹೇಳಿದ್ದರಲ್ಲಿ ಅರ್ಧ ನುಂಗಿ, ಮಿಕ್ಕಿದ್ದಕ್ಕೆ ನಗೋ ಮುಖ ಅಂಟಿಸಿ ಕಳಿಸ್ತಾನೆ ನಿನ್ನ ಮಗ.

ನಿನ್ನ ಹಳೇ ವಾರ್ಡಿಗೆ ಬಂದು ಮೂರು ವಾರ ಆಯ್ತು. ಕೀಲುನೋವಿನ ಡ್ರಿಪ್ ವಾರ್ಡು ಅಂದ್ರೆ ಶಾಂತವಾಗಿರುತ್ತೆ, ರಕ್ತ ಇಲ್ಲ, ಚೀರಾಟ ಇಲ್ಲ ಅಂತ ನೀನೇ ಹೇಳಿದ್ದೆ. ಶಾಂತವಾಗೇನೋ ಇದೆ. ಹೊಲಸೂ ಅಷ್ಟೇ ಶಾಂತವಾಗಿ ಕೂತಿದೆ. ಕೈ ತೊಳೆಯೋ ತೊಟ್ಟಿಯ ತೂತಲ್ಲಿ ಟೀ ಚರಟ ಕಟ್ಟಿಕೊಂಡು ನೀರು ನಿಂತಿದೆ, ಅದರ ಮೇಲೆ ‘ಕೈ ತೊಳೆಯಿರಿ, ಜೀವ ಉಳಿಸಿ’ ಅಂತ ಬಣ್ಣದ ಬೋರ್ಡು. ದಿಂಬಿನ ಚೀಲ ಬದಲಾಗೋದು ತಪಾಸಣೆಯವರು ಬರೋ ದಿನ ಮಾತ್ರ. ಮಿಕ್ಕ ದಿನ ಅದನ್ನೇ ತಿರುಗಿಸಿ ಹಾಕು ಅಂತಾರೆ. ಎರಡು ಬದಿನೂ ಆದಮೇಲೆ ಏನು ಮಾಡಲಿ, ಒಳಗಿನ ಬದಿ ಹೊರಗೆ ಮಾಡಲಾ ಅಂತ ಕೇಳಿದೆ. ನಕ್ಕರು. ಮೂರು ವಾರಕ್ಕೇ ನನಗೆ ಇಲ್ಲಿ ಬಾಯಿಬಡಕಿ ಅಂತ ಹೆಸರು ಬಿದ್ದಿದೆ.

ಬಾಗಿಲ ಎದುರಿನ ಗೋಡೆಲಿ ನಿನ್ನ ಫೋಟೋ ಇನ್ನೂ ಇದೆ. ‘ಉತ್ತಮ ದಾದಿ’ ಅಂತ ಕೆಳಗೆ ಬರೆದಿದಾರೆ. ಆ ಫೋಟೋದಲ್ಲಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದೀಯ, ಏನು ಠೀವಿ! ದಿನಾ ಬೆಳಗ್ಗೆ ಅದನ್ನ ನೋಡಿ ಒಳಗೆ ಬರ್ತೀನಿ. ಈ ಗಬ್ಬಿನ ಮಧ್ಯೆ ಅದೊಂದೇ ಕಣ್ಣಿಗೆ ತಂಪು.

ಈಗ ಅಸಲು ವಿಷಯ. ಡ್ರಿಪ್ ಹಾಕೋ ಮೊದಲು ಕೇಳೋ ಆರು ಪ್ರಶ್ನೆ ನಿನಗೆ ಬಾಯಿಪಾಠ. ಜ್ವರ, ಕೆಮ್ಮು, ಬಾಯಲ್ಲಿ ಹುಣ್ಣು, ಮೈಮೇಲೆ ಗಾಯ, ಉರಿಮೂತ್ರ, ಮನೇಲಿ ಯಾರಿಗಾದ್ರೂ ಅಂಟುಕಾಯಿಲೆ. ಒಂದಕ್ಕೆ ಹೌದು ಅಂದ್ರೂ ಆವತ್ತು ಡ್ರಿಪ್ ಇಲ್ಲ. ಪೇಷೆಂಟ್‌ಗಳಿಗೆ ನಾನು ಹೇಳೋದು ಹೀಗೆ, ಸರಿ ಇದೆಯಾ ನೋಡು: ನಿಮ್ಮ ಮೈಯ ಕಾವಲುಗಾರ ತಲೆಕೆಟ್ಟು ನಿಮ್ಮ ಕೀಲುಗಳನ್ನೇ ಬಡೀತಾ ಇದಾನೆ, ಈ ಡ್ರಿಪ್ಪು ಅವನನ್ನ ಮಲಗಿಸುತ್ತೆ, ಆದ್ರೆ ಅವನು ಮಲಗಿದಾಗ ಕಳ್ಳ ಬಂದ್ರೂ ಏಳಲ್ಲ. ಅದಕ್ಕೇ ಮನೇಲಿ ಮೊದಲೇ ಕಳ್ಳ ಸೇರಿದಾನಾ ಅಂತ ಕೇಳ್ತೀವಿ.

ಇವರು ಕೇಳೋದು ಹೇಗೆ ಗೊತ್ತಾ? ಒಂದು ರಬ್ಬರ್ ಸೀಲಿದೆ. ಆರು ಪ್ರಶ್ನೆಗೂ ಸೇರಿ ಒಂದೇ ಏಟು: ‘ಕೇಳಲಾಗಿದೆ, ಏನೂ ಇಲ್ಲ’. ಅದನ್ನ ಹೊಡೆಯೋದು ಹಿಂದಿನ ದಿನ ಸಂಜೆ! ನಾಳೆ ಬರೋರ ಹಾಳೆಗಳನ್ನ ಗುಡ್ಡೆ ಹಾಕ್ಕೊಂಡು ಧಡ್ ಧಡ್ ಅಂತ ಹೊಡೆದು ಮನೆಗೆ ಹೋಗ್ತಾರೆ. ನಾಳೆ ಯಾರಿಗೂ ಜ್ವರ ಇರಲ್ಲ ಅಂತ ಇವರಿಗೆ ಇವತ್ತೇ ಗೊತ್ತು. ಸಂಜೆ ಯಾಕೆ ಅಂತ ಕೇಳಿದ್ರೆ, ಮುಂಚಿಂದ ಹಾಗೇ ಅಂತಾರೆ. ಆ ಸೀಲಿನ ಹಿಡಿಗೆ ಯಾವ ಕಾಲದಲ್ಲೋ ಬ್ಯಾಂಡೇಜ್ ಬಟ್ಟೆ ದಪ್ಪಗೆ ಸುತ್ತಿದಾರೆ, ಈಗ ಅದು ಕಪ್ಪಗೆ ಅಂಟಂಟು. ಮುಟ್ಟಿದ್ರೆ ಸತ್ತ ಇಲಿ ಮುಟ್ಟಿದ ಹಾಗಾಗುತ್ತೆ. ಎಲ್ಲರೂ ಅದನ್ನೇ ಹಿಡಿದು ಹೊಡೀತಾರೆ. ಥೂ.

ನಿನ್ನ ಕೈ ಹೇಗಿದೆ? ರಿಟೈರ್ ಆಗಿ ಆರಾಮಾಗಿ ಕೂರೋ ಹೊತ್ತಿಗೆ ನಿನಗೂ ಈ ಕೀಲಿನ ಕಾಯಿಲೆನೇ ಬರಬೇಕಿತ್ತಾ, ಬೇರೆ ಯಾವುದೂ ಸಿಗಲಿಲ್ವಾ? ನಿನ್ನ ಡ್ರಿಪ್ ತಪ್ಪಿಸಬೇಡ.

ನಿನ್ನ ಪುಟ್ಟಿ


ಜನವರಿ 20

ಪುಟ್ಟಿ,

ಕಾಗದ ತಲುಪಿತು. ನಾನು ಚೆನ್ನಾಗಿದೀನಿ. ಬೆರಳೂ ಚೆನ್ನಾಗಿದಾವೆ.

ಸೂಜಿ ಹಾಕೋ ಮೊದಲು ಅವರ ಕೈಗೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಸುತ್ತು. ನರ ಮೇಲೆ ಬರುತ್ತೆ, ಬೆರಳಿಗೂ ಹಾಯಾಗುತ್ತೆ. ಮಣಿಕಟ್ಟು ಹಿಡಿದು ಎಬ್ಬಿಸಬೇಡ. ಮೊಣಕೈ ಕೆಳಗೆ ನಿನ್ನ ಅಂಗೈ ಕೊಡು.

ಸೀಲಿನ ವಿಷಯ ತಲೆಗೆ ಹಚ್ಚಿಕೋಬೇಡ. ಹೊಸಬಳು ನೀನು. ಬ್ಯಾಂಡೇಜ್ ಗಲೀಜಾಗಿದ್ರೆ ಬಿಚ್ಚಿ ಎಸೆದುಬಿಡು.

ಚಿಕ್ಕಮ್ಮ


ಫೆಬ್ರವರಿ 2

ಚಿಕ್ಕಮ್ಮಾ,

ಏನು ಟೆಲಿಗ್ರಾಂ ಕಳಿಸಿದೀಯಾ? ನಾನು ನಾಲ್ಕು ಪುಟ ಬರೆದ್ರೆ ನೀನು ಲೆಕ್ಕ ಹಾಕಿ ಹತ್ತು ಸಾಲು. ಇರಲಿ, ಟವೆಲ್ ಉಪಾಯ ಕೆಲಸ ಮಾಡ್ತು. ಈಗ ಅದನ್ನ ನೆನೆಸ್ಕೊಳ್ಳೋ ಸ್ಥಿತಿಲಿ ನಾನಿಲ್ಲ.

ನಮ್ಮಲ್ಲಿ ತಿಂಗಳಿಗೊಮ್ಮೆ ಬರೋ ಪೇಷೆಂಟ್ ಒಬ್ಬಳಿದಾಳೆ, ಟೈಲರಮ್ಮ ಅಂತೀವಿ. ಶಾಲೆ ಮಕ್ಕಳ ಯೂನಿಫಾರಂ ಹೊಲಿಯೋಳು. ಕಾಯಿಲೆಗೆ ಬೆರಳೆಲ್ಲ ಒಂದೇ ಕಡೆ ವಾಲಿದಾವೆ, ಆದ್ರೂ ಬಾಯಿ ಮಾತ್ರ ನನ್ನಷ್ಟೇ ಚುರುಕು. ಡಿಸೆಂಬರಲ್ಲಿ ನಾನು ಸೇರಿದ ವಾರ, ಒಂದು ಕೈಗೆ ಡ್ರಿಪ್ ಹಾಕಿಸ್ಕೊಂಡು ಇನ್ನೊಂದು ಕೈಲಿ ನಮ್ಮ ವಾರ್ಡಿನ ಹರಿದ ಕುರ್ಚಿ ಹೊಲಿದಳು. ‘ಸಿಸ್ಟರ್, ನಿಮ್ಮ ಕುರ್ಚಿ ಕರುಳು ಹೊರಗೆ ಬಂದಿದೆ, ಆಪರೇಷನ್ ಮಾಡ್ತೀನಿ’ ಅಂದಳು. ಬಟ್ಟೆ ಸ್ಟೋರಿಗೆ ನಾಲ್ಕು ಸಲ ಚೀಟಿ ಕೊಟ್ಟಿದ್ರೂ ಆಗದ ಕೆಲಸ ಅದು.

ಮೊನ್ನೆ ಗುರುವಾರ ಅವಳ ತಂಗಿ ಅವಳನ್ನ ಆಟೋಲಿ ಹಾಕ್ಕೊಂಡು ಬಂದ್ಲು. ಡ್ರಿಪ್ ಹಾಕಿ ಆರು ದಿನ ಆಗಿತ್ತು. ಮೈ ಕಾದ ಹಂಚು. ಮಾತು ತೊದಲ್ತಾ ಇತ್ತು. ಒಂದು ಕಾಲಿಗೆ ಕಾಲುಚೀಲ ಹಾಕಿದ್ಲು, ಇನ್ನೊಂದಕ್ಕಿಲ್ಲ. ಕತ್ತರಿ ತಗೊಂಡು ಚೀಲ ಕತ್ತರಿಸಿದೆ. ಕಿರುಬೆರಳ ಬುಡದಲ್ಲಿ, ಮಿಷನ್ ತುಳಿಯೋ ಹಲಗೆ ಅಂಚು ತಾಗೋ ಜಾಗದಲ್ಲಿ, ಗಾಯ. ಅದಕ್ಕೆ ಚೂರು ಬಟ್ಟೆ ಇಟ್ಟು ಮುಚ್ಚಿದ್ಲು. ಬಟ್ಟೆ, ಚರ್ಮ, ಕೀವು ಎಲ್ಲ ಒಂದೇ ಆಗಿ ಹಸಿರು ಬಣ್ಣಕ್ಕೆ ತಿರುಗಿತ್ತು. ಎಳೆದಾಗ ಬಟ್ಟೆ ಜೊತೆ ಚರ್ಮವೂ ಬಂತು.

ಹೊರಗೆ ಓಡಿ ವಾಂತಿ ಮಾಡಿಕೊಂಡೆ. ವಾಸನೆಗೆ ಅಂತ ಎಲ್ಲರೂ ಅಂದ್ಕೊಂಡ್ರು. ಹದಿನಾಲ್ಕು ವರ್ಷ ಈ ಕೆಲಸ ಮಾಡಿದೋಳು ನಾನು, ಇದಕ್ಕಿಂತ ಕೆಟ್ಟ ವಾಸನೆ ಕುಡಿದು ಕೈ ತೊಳ್ಕೊಂಡು ಊಟಕ್ಕೆ ಕೂತಿದೀನಿ. ಅವಳ ಹಾಳೆ ಕಣ್ಣಿಗೆ ಬಿದ್ದಿತ್ತು. ನೀಲಿ ಶಾಯಿಲಿ ‘ಕೇಳಲಾಗಿದೆ, ಏನೂ ಇಲ್ಲ’.

ಈಗ ವಿಚಾರಣೆ ಇಟ್ಟಿದಾರೆ. ನಮ್ಮ ಮೇಟ್ರನ್‌ಗೆ ಇಸ್ತ್ರಿ ಮೇಡಂ ಅಂತ ಕರೀತೀವಿ, ಕೋಟಿನ ಮೇಲೆ ಒಂದು ಮಡಿಕೆ ಬಿದ್ರೆ ಆ ದಿನ ಯಾರ ಜೊತೆನೂ ಮಾತಾಡಲ್ಲ. ಟೈಲರಮ್ಮನ ಹಾಸಿಗೆ ಹತ್ತಿರ ಒಂದು ಸಲವೂ ಬರದೋಳು ನನಗೆ ಟೈಪ್ ಮಾಡಿಸಿದ ಹೇಳಿಕೆ ತಂದುಕೊಟ್ಟಳು: ‘ರೋಗಿಯನ್ನು ನಿಯಮಾನುಸಾರ ಕೇಳಲಾಯಿತು, ರೋಗಿಯು ಗಾಯವನ್ನು ಮುಚ್ಚಿಟ್ಟರು’. ಸಹಿ ಮಾಡು ಅಂದಳು. ಸಹಿ ಮಾಡಿದ್ರೆ ಏನಾಗುತ್ತೆ ಗೊತ್ತಾ? ಮುಚ್ಚಿಟ್ಟ ಪೇಷೆಂಟನ್ನ ಡ್ರಿಪ್ ಪಟ್ಟಿಯಿಂದಲೇ ತೆಗೀತಾರಂತೆ, ಅದೂ ನಿಯಮವಂತೆ. ಬದುಕಿ ಉಳಿದ್ರೂ ಟೈಲರಮ್ಮನಿಗೆ ಇನ್ನು ಡ್ರಿಪ್ ಇಲ್ಲ. ಆರು ತಿಂಗಳಲ್ಲಿ ಆ ಬೆರಳು ಸೂಜಿ ಹಿಡಿಯೋದಿರಲಿ, ಅನ್ನ ಕಲಸೋಕೂ ಬರಲ್ಲ.

ಹೇಳಿಕೆ ನನ್ನ ಬ್ಯಾಗಲ್ಲಿದೆ. ಫೆಬ್ರವರಿ ಕೊನೆಯೊಳಗೆ ಕೊಡಬೇಕು. ನೀನು ಆ ವಾರ್ಡಲ್ಲಿ ಹತ್ತೊಂಬತ್ತು ವರ್ಷ ಇದ್ದೋಳು. ಏನು ಮಾಡಲಿ ಹೇಳು.

ಪುಟ್ಟಿ


ಫೆಬ್ರವರಿ 10

ಪುಟ್ಟಿ,

ಸಹಿ ಹಾಕು. ಪೇಷೆಂಟ್‌ಗಳು ಮುಚ್ಚಿಡ್ತಾರೆ, ನನ್ನ ಕಾಲದಲ್ಲೂ ಮುಚ್ಚಿಡ್ತಿದ್ರು. ಡ್ರಿಪ್ ತಪ್ಪಿದ್ರೆ ನೋವು ತಡೆಯೋಕಾಗಲ್ಲ, ಅದಕ್ಕೆ.

ಸೀಲಿನ ಸುದ್ದಿ ವಿಚಾರಣೆಲಿ ಎತ್ತಬೇಡ. ಅದು ಹಳೇ ವಿಷಯ, ಎಲ್ಲೆಲ್ಲಿಗೋ ಹೋಗುತ್ತೆ. ನಿನ್ನ ಕೆಲಸ ಮುಖ್ಯ.

ನಾನು ಚೆನ್ನಾಗಿದೀನಿ.

ಚಿಕ್ಕಮ್ಮ


ಫೆಬ್ರವರಿ 16

ಚಿಕ್ಕಮ್ಮಾ,

ನಿನ್ನ ಕಾಗದ ಮೂರು ಸಲ ಓದಿದೆ. ಬೇರೆ ಯಾರೋ ಬರೆದು ನಿನ್ನ ಹೆಸರು ಹಾಕಿದಾರೆ ಅನ್ನಿಸ್ತು. ಅಕ್ಷರ ನಿನ್ನದೇ.

‘ನಿನ್ನ ಕೆಲಸ ಮುಖ್ಯ’. ಈ ಮಾತು ಇಸ್ತ್ರಿ ಮೇಡಂ ಬಾಯಲ್ಲಿ ದಿನಾ ಕೇಳ್ತೀನಿ, ಅಲ್ಲಿ ಅದು ಒಪ್ಪುತ್ತೆ. ನಿನ್ನ ಬಾಯಲ್ಲಿ ಕೇಳಿ ಮೈಮೇಲೆ ಹುಳ ಹರಿದ ಹಾಗಾಯ್ತು. ಚಿಕ್ಕೋಳಿದ್ದಾಗ ನಿನ್ನ ಕೈ ಹಿಡ್ಕೊಂಡು ಆ ವಾರ್ಡಿಗೆ ಬರ್ತಿದ್ದೆ. ಎಂಬತ್ತು ವರ್ಷದ ಅಜ್ಜಿಗೆ ನೀನು ಒಂದೊಂದೇ ಬೆರಳು ಬಿಡಿಸಿ ಒರೆಸ್ತಿದ್ದದ್ದು ನೋಡಿ ನಾನೂ ನರ್ಸ್ ಆಗ್ತೀನಿ ಅಂದೋಳು ನಾನು. ರಿಟೈರ್ ಆದಮೇಲೂ ಆಸ್ಪತ್ರೆ ಮಾನ ಕಾಯ್ತೀಯಾ? ಅಥವಾ ಗೋಡೆ ಮೇಲಿನ ಫೋಟೋಗೆ ಧೂಳು ಕೂರಬಾರದು ಅಂತಾನಾ?

ಮೊದಲ ಕಾಗದದಲ್ಲಿ ನಾನೂ ನಿನಗೆ ಪೂರ್ತಿ ಹೇಳಿರಲಿಲ್ಲ. ‘ಎಲ್ಲರೂ ಹೊಡೀತಾರೆ’ ಅಂತ ಬರೆದೆ, ನನ್ನನ್ನ ಬಿಟ್ಟು ಎಲ್ಲರೂ ಅನ್ನೋ ಹಾಗೆ. ಸುಳ್ಳು. ಮೊದಲ ವಾರ ಎಲ್ಲರನ್ನೂ ಕೇಳಿದೆ. ಹನ್ನೊಂದು ಗಂಟೆಯಾದ್ರೂ ಸಾಲು ಕರಗಲಿಲ್ಲ, ಇಸ್ತ್ರಿ ಮೇಡಂ ಬಂದು ‘ಸೀಲಿದೆಯಲ್ಲ ತಾಯಿ, ನಾಟಕ ಯಾಕೆ?’ ಅಂದಳು. ಎರಡನೇ ವಾರದಿಂದ ನಾನೂ ಸಂಜೆ ಕೂತು ಹೊಡೆದೆ. ಮೂಗು ಮುರೀತಾನೇ ಹೊಡೆದೆ, ಅಷ್ಟೇ ವ್ಯತ್ಯಾಸ. ಬ್ಯಾಂಡೇಜ್ ಬಿಚ್ಚಿ ಎಸಿ ಅಂದೆಯಲ್ಲ, ಅದನ್ನೂ ಮಾಡಲಿಲ್ಲ. ಮುಟ್ಟೋಕೆ ಹೇಸಿಗೆ, ಬಿಚ್ಚೋಕೆ ಸೋಮಾರಿತನ.

ಟೈಲರಮ್ಮನ ಹಾಳೆ ಮೇಲಿದ್ದ ಸೀಲು ನನ್ನ ಕೈದು. ಸೂಜಿ ಹಾಕಿದ್ದೂ ನಾನೇ. ಆ ದಿನ ಬೆಳಗ್ಗೆ ನಾನು ಟವೆಲ್ ಸುತ್ತುತ್ತಾ ಇದ್ದಾಗ ಅವಳು ‘ಸಿಸ್ಟರ್, ಒಂದು ಮಾತು’ ಅಂದಳು. ನಾನು ‘ಆಮೇಲೆ’ ಅಂದೆ. ಆಮೇಲೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಮೊನ್ನೆ ಅವಳಿಗೆ ಎಚ್ಚರ ಬಂತು. ಕಾಲಿನ ಎರಡು ಬೆರಳು ತೆಗೆದಿದಾರೆ. ಜೀವ ಉಳೀತು. ನನ್ನ ನೋಡಿ, ‘ಮಿಷನ್ ತುಳಿಯೋಕೆ ಮೂರು ಸಾಕು ಸಿಸ್ಟರ್’ ಅಂದಳು. ಯಾಕಮ್ಮಾ ಹೇಳಲಿಲ್ಲ ಅಂತ ಕೇಳೋಕೆ ನನಗೆ ಯಾವ ಮುಖ? ಆದ್ರೂ ಕೇಳಿದೆ, ನೋಡು ನನ್ನ ನಾಚಿಕೆಗೇಡಿತನ. ಅವಳು ಕಣ್ಣು ಮುಚ್ಚಿಕೊಂಡೇ ಹೇಳಿದ್ಲು: ‘ನಾನಾಗಿ ಹೇಳಿದ್ರೆ ವಾಪಸ್ ಕಳಿಸ್ತೀರಿ ಅಂತ ಭಯ. ನೀವಾಗಿ ಕೇಳಿದ್ರೆ ಸುಳ್ಳು ಹೇಳೋಕೆ ನನಗೆ ಬರಲ್ಲ. ಕೇಳ್ತೀರೇನೋ ಅಂತ ಕಾಯ್ತಾ ಇದ್ದೆ.’

ಆ ಸೀಲು ಮೊದಲು ಮಾಡಿಸಿದ ಮಹಾತಾಯಿ ಯಾರೋ ಗೊತ್ತಿಲ್ಲ. ಎಂಥಾ ಸೋಮಾರಿ, ಎಂಥಾ ಕಲ್ಲುಮನಸ್ಸಿನೋಳು ಇರಬೇಕು! ಅವಳು ಎಲ್ಲಿದ್ರೂ ಅವಳ ಕೈ ಸೇದಿಹೋಗಲಿ.

ನಾನು ಸಹಿ ಹಾಕಲ್ಲ. ಕೇಳಲಿಲ್ಲ ಅಂತ ನಾನೇ ಬರೆದುಕೊಡ್ತೀನಿ. ಒಂಟಿ ಮಾತಿಗೆ ಬೆಲೆ ಇಲ್ಲ, ಸೀಲು ಹೊಡೆಯೋದು ಇಲ್ಲಿ ಪದ್ಧತಿ ಅಂತ ಯಾರೂ ಒಪ್ಪಲ್ಲ, ಎಲ್ಲ ನನ್ನೊಬ್ಬಳ ಕಳ್ಳಾಟ ಅಂತ ಕೈ ತೊಳ್ಕೋತಾರೆ. ತೊಳ್ಕೊಳ್ಳಲಿ. ಇನ್ನು ನಿನಗೆ ಬರೆಯಲ್ಲ. ಸದ್ಯಕ್ಕೆ ಆಗಲ್ಲ.


ಫೆಬ್ರವರಿ 23

ಪುಟ್ಟಿ,

ನಿನ್ನ ಕಾಗದ ಬಂತು. ಉತ್ತರ ಬರೀತಾ ಇದೀನಿ. ನಿಧಾನವಾಗುತ್ತೆ. ಅಲ್ಲಿವರೆಗೆ ಹೇಳಿಕೆ ಕೊಡಬೇಡ. ವಾಯಿದೆ ಕೇಳು.

ಚಿಕ್ಕಮ್ಮ


ಫೆಬ್ರವರಿ 24, ಸಂಜೆ

ಪುಟ್ಟಿ,

ಸೀಲು ಮಾಡಿಸಿದ್ದು ನಾನು.

ಫೆಬ್ರವರಿ 25, ಸಂಜೆ

ನಿನ್ನೆ ಅಷ್ಟು ಬರೆಯೋ ಹೊತ್ತಿಗೆ ಪೆನ್ನು ಜಾರಿತು. ಪೆನ್ನಿಗೆ ಡ್ರಿಪ್ಪಿನ ರಬ್ಬರ್ ಕೊಳವೆ ಚೂರು ಹಾಕ್ಕೊಂಡು ಬರೀತೀನಿ, ಆದ್ರೂ ಜಾರುತ್ತೆ. ನನ್ನ ಕಾಗದ ಟೆಲಿಗ್ರಾಂ ಇದ್ದ ಹಾಗಿರುತ್ತೆ ಅಂದೆಯಲ್ಲ. ಒಂದು ಸಂಜೆಗೆ ಐದಾರು ಸಾಲು, ಅಷ್ಟೇ ನನ್ನ ಕೈಲಾಗೋದು. ಬೆರಳು ಚೆನ್ನಾಗಿದಾವೆ ಅಂತ ಪ್ರತಿ ಸಲ ಬರೀತೀನಿ, ಯಾಕಂದ್ರೆ ಅದು ಚಿಕ್ಕ ವಾಕ್ಯ.

ಫೆಬ್ರವರಿ 26

ನನಗೆ ಈ ಕಾಯಿಲೆ ರಿಟೈರ್ ಆದಮೇಲೆ ಬಂದದ್ದು ಅಂತ ನೀವೆಲ್ಲ ಅಂದ್ಕೊಂಡಿದೀರಿ. ನಾನೇ ಹಾಗೆ ಹೇಳಿದ್ದು. ಬಂದದ್ದು ಅದಕ್ಕೆ ಆರು ವರ್ಷ ಮುಂಚೆ, ವಾರ್ಡಲ್ಲಿದ್ದಾಗಲೇ. ಬೆಳಗ್ಗೆ ಎದ್ರೆ ಬೆರಳು ಮಡಚೋಕೆ ಆಗ್ತಿರಲಿಲ್ಲ. ಗೊತ್ತಾದ್ರೆ ವಾರ್ಡಿಂದ ತೆಗೆದು ಬಟ್ಟೆ ಸ್ಟೋರಿಗೆ ಹಾಕ್ತಾರೆ ಅಂತ ಮುಚ್ಚಿಟ್ಟೆ. ನಮ್ಮ ಡಾಕ್ಟರ ಕಣ್ಣು ತಪ್ಪಿಸಿ ದೂರದ ಊರಲ್ಲಿ ತೋರಿಸ್ಕೊಂಡೆ. ಫೋಟೋದಲ್ಲಿ ಕೈ ಹಿಂದೆ ಕಟ್ಟಿರೋದು ಠೀವಿ ಅಂದೆಯಲ್ಲ, ಊದಿದ ಕೈ ಕಾಣಬಾರದು ಅಂತ ಕಟ್ಟಿದ್ದು.

ಫೆಬ್ರವರಿ 28

ದಿನಕ್ಕೆ ಇಪ್ಪತ್ತೈದು ಪೇಷೆಂಟು. ಒಬ್ಬೊಬ್ಬರಿಗೆ ಆರು ‘ಇಲ್ಲ’. ನೂರೈವತ್ತು ಸಲ ಬರೆಯೋಕೆ ಕೈ ಬರ್ತಿರಲಿಲ್ಲ. ಸೀಲು ಮಾಡೋನ ಹತ್ತಿರ ಹೋಗಿ ಮಾಡಿಸಿದೆ. ಹಿಡಿ ತೆಳ್ಳಗಿತ್ತು, ಹಿಡಿಯೋಕಾಗಲಿಲ್ಲ. ಬ್ಯಾಂಡೇಜ್ ಸುತ್ತಿದೆ. ಸತ್ತ ಇಲಿ ಅಂದೆಯಲ್ಲ, ಅದೇ.

ಈ ಕಾಯಿಲೆಲಿ ಬೆಳಗ್ಗೆ ಬೆರಳು ಕಟ್ಟಿಗೆ, ಸಂಜೆಗೆ ಸ್ವಲ್ಪ ಸಡಿಲ. ನೀನು ದಿನಾ ಪೇಷೆಂಟ್‌ಗಳಲ್ಲಿ ನೋಡ್ತೀಯ. ಅದಕ್ಕೆ ಸಂಜೆನೇ ಹೊಡೆದಿಡ್ತಿದ್ದೆ. ಬೆಳಗ್ಗೆ ಒಬ್ಬೊಬ್ಬರ ಪಕ್ಕ ಕೂತು ಬಾಯಲ್ಲಿ ಕೇಳ್ತಿದ್ದೆ. ಹೌದು ಅಂದ್ರೆ ಆ ಹಾಳೆ ಹರಿದು ಹಾಕ್ತಿದ್ದೆ. ಆರು ಆದಮೇಲೆ ನಂದೇ ಒಂದು ಏಳನೇ ಪ್ರಶ್ನೆ ಇತ್ತು: ನಾನು ಕೇಳದೇ ಇರೋದು ಏನಾದ್ರೂ ಇದೆಯಾ? ಅಲ್ಲೇ ಎಷ್ಟೋ ಜನ ಬಾಯಿ ಬಿಡ್ತಿದ್ರು.

ಮಾರ್ಚ್ 2

ಇಲ್ಲಿಗೇ ನಿಲ್ಲಿಸಿದ್ರೆ ನಾನು ಒಳ್ಳೇಳಾಗಿ ಉಳೀತೀನಿ. ನಿಲ್ಲಿಸಲ್ಲ. ಕೊನೇ ವರ್ಷ ಮೈ ಏಳ್ತಿರಲಿಲ್ಲ. ಮೊದಲು ಏಳನೇದು ಬಿಟ್ಟೆ. ಆಮೇಲೆ ನಾಲ್ಕು ಕೇಳಿದೆ, ಎರಡು ಕೇಳಿದೆ. ಕೆಲವು ಬೆಳಗ್ಗೆ, ಸೀಲು ಇದೆಯಲ್ಲ ಅಂತ ಸುಮ್ಮನೆ ಸೂಜಿ ಹಾಕಿದ್ದೂ ಉಂಟು. ಯಾರಿಗೂ ಏನೂ ಆಗಲಿಲ್ಲ. ಆಗಿದ್ರೂ ನನಗೆ ಗೊತ್ತಿಲ್ಲ, ನಾನು ಹುಡುಕಲಿಲ್ಲ. ಆ ವರ್ಷವೇ ನನಗೆ ಫಲಕ ಕೊಟ್ಟು ಫೋಟೋ ಹಾಕಿದ್ದು. ಹೊಸ ಹುಡುಗೀರು ನನ್ನ ನೋಡಿ ಕಲಿತ್ರು. ಸಂಜೆ ಹೊಡೆಯೋದು ಯಾಕೆ ಅಂತ ಕೇಳಿದ್ರೆ, ಹಾಗೇ ಮಾಡೋದು ಅಂದಿದ್ದು ನಾನೇ. ನನ್ನ ಕೈ ನೋವನ್ನ ಅವರಿಗೆ ಪದ್ಧತಿ ಮಾಡಿಕೊಟ್ಟೆ.

ಮಾರ್ಚ್ 4

‘ನಿನ್ನ ಕೆಲಸ ಮುಖ್ಯ’ ಅಂದದ್ದು ಸುಳ್ಳು. ನನ್ನ ಫೋಟೋ ಚಿಂತೆ ಇತ್ತು. ನೀನು ಉರಿದು ಬರೆದ ಆ ಸಾಲು ಸರಿಯಾಗೇ ತಾಗಿತು. ನನ್ನ ಕೈಗೆ ಹಾಕಿದ ಶಾಪ ಆಗಲೇ ಆಗಿಹೋಗಿದೆ, ಅದಕ್ಕೆ ನೀನು ಮರುಗಬೇಡ.

ಈ ಕಾಗದ ವಿಚಾರಣೆಯವರಿಗೆ ಕೊಡು. ಸೀಲು ಎಂದಿನಿಂದ ಇದೆ, ಯಾರು ಮಾಡಿಸಿದ್ದು, ಯಾಕೆ ಸಂಜೆ, ಎಲ್ಲ ಇದರಲ್ಲಿದೆ. ಒಂಟಿ ಮಾತು ಆಗಲ್ಲ ಈಗ. ಇಲ್ಲಿ ನನಗೆ ಡ್ರಿಪ್ ಹಾಕೋ ಹುಡುಗಿನೂ ತಲೆ ಎತ್ತಲ್ಲ. ಅವಳಲ್ಲಿ ಸೀಲಿಲ್ಲ, ಬರೀ ಗೀಟು ಎಳೀತಾಳೆ. ನಾನೂ ಬಾಯಿ ಬಿಡಲ್ಲ.

ಚಿಕ್ಕಮ್ಮ


ಮಾರ್ಚ್ 24

ಚಿಕ್ಕಮ್ಮಾ,

ಮೊದಲೇ ಹೇಳಿಬಿಡ್ತೀನಿ, ನಿನ್ನ ಕಾಗದ ಓದಿ ನನಗೆ ಹೇಸಿಗೆ ಆಯ್ತು. ನಿನ್ನ ಮೇಲೆ ಅರ್ಧ ದಿನ, ನನ್ನ ಮೇಲೆ ಇನ್ನೂ ಇದೆ. ಮರುಗಬೇಡ ಅಂದ್ರೂ ಆ ‘ಕೈ ಸೇದಿಹೋಗಲಿ’ ಅನ್ನೋ ಮಾತು ಬರೆದದ್ದಕ್ಕೆ ಮರುಗ್ತಾನೇ ಇದೀನಿ. ಹದಿನಾಲ್ಕು ವರ್ಷ ನರ್ಸು, ಈಗ ದಿನಾ ಊದಿದ ಬೆರಳು ನೋಡೋದೇ ನನ್ನ ಕೆಲಸ, ಮನೇಲಿರೋ ಬೆರಳು ನೋಡಲಿಲ್ಲ. ಹಬೆಯಾಡೋ ಲೋಟ ನೀನು ಎರಡೂ ಅಂಗೈಲಿ ಹಿಡಿಯೋದು ನೋಡಿ, ಚಿಕ್ಕಮ್ಮನಿಗೆ ಚಳಿ ಅಂದ್ಕೊಂಡೆ ನಾನು. ಪೆದ್ದಿ.

ವಿಚಾರಣೆ ಮುಗೀತು. ನನ್ನ ಹೇಳಿಕೆ ಓದೋವಾಗ ಸಮಿತಿಯ ಮೂವರೂ ಬಿಸ್ಕತ್ತು ಅದ್ದಿ ತಿಂತಾ ಇದ್ರು. ಸೀಲನ್ನ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಜಿನ ಮೇಲೆ ಇಟ್ಟಿದ್ರು, ಬಿಸ್ಕತ್ ತಟ್ಟೆ ಪಕ್ಕದಲ್ಲೇ. ಇಸ್ತ್ರಿ ಮೇಡಂ ‘ಇಂಥ ಸೀಲು ನಾನು ನೋಡಿಯೇ ಇಲ್ಲ’ ಅಂದಳು. ಆಗ ನಿನ್ನ ಕಾಗದ ಕೊಟ್ಟೆ. ಸಂಜೆ ಹೊಡೆಯೋ ಕಾರಣ ಓದೋ ಹೊತ್ತಿಗೆ ಮೇಜಿನ ಆಚೆ ಕೂತಿದ್ದ ನಮ್ಮ ವಾರ್ಡಿನ ಕೀಲು ಡಾಕ್ಟ್ರು ಬಿಸ್ಕತ್ ಕೆಳಗಿಟ್ರು. ‘ಆರು ವರ್ಷ ನನ್ನ ಪಕ್ಕ ನಿಂತಿದ್ದಳು’ ಅಂದ್ರು. ಹಳೇ ಹಾಳೆಗಳ ಕಟ್ಟು ತರಿಸಿದ್ರು. ವರ್ಷಗಟ್ಟಲೆ ಒಂದೇ ಸೀಲು, ಒಂದೇ ಸೊಟ್ಟ. ಇಸ್ತ್ರಿ ಮೇಡಂ ಕೋಟಿನ ಮಡಿಕೆ ನೇರ ಮಾಡ್ತಾ ಕೂತಳು.

ಟೈಲರಮ್ಮ ಮುಚ್ಚಿಟ್ಟಳು ಅನ್ನೋ ಮಾತು ದಾಖಲೆಯಿಂದ ತೆಗೆದ್ರು. ಅವಳ ಹೆಸರು ಪಟ್ಟಿಲಿ ಉಳೀತು. ಗಾಯ ಮಾಗಿದ ಮೇಲೆ ಡ್ರಿಪ್ ಕೊಡ್ತಾರೆ. ಹೋಗಿ ಹೇಳಿದೆ. ನನ್ನ ತಪ್ಪು ಎಷ್ಟು ಅನ್ನೋದನ್ನೂ ಹೇಳಿದೆ. ಅವಳು ಕ್ಷಮಿಸಿದೀನಿ ಅನ್ನಲಿಲ್ಲ. ‘ಮುಂದಿನ ಸಲ ಕೇಳಿ ಸಿಸ್ಟರ್’ ಅಂದಳು, ಗೋಡೆ ಕಡೆ ತಿರುಗಿ ಮಲಗಿದಳು. ಅದು ಅವಳ ಹಕ್ಕು.

ಮುಂದಿನ ಸಲ ನಾನಿರಲ್ಲ. ಆರು ತಿಂಗಳು ನನ್ನನ್ನ ಬಟ್ಟೆ ಸ್ಟೋರಿಗೆ ಹಾಕಿದಾರೆ. ನಗು ಬಂತು, ನೀನು ಹೆದರಿ ಓಡಿದ ಜಾಗಕ್ಕೆ ನಾನು ಹೋಗಿ ಕೂತೆ. ಒಂದು ಲಾಭ, ದಿಂಬಿನ ಚೀಲ ಈಗ ನನ್ನ ಕೈಲಿದೆ, ಆ ವಾರ್ಡಿಗೆ ದಿನಾ ಕಳಿಸ್ತೀನಿ. ನಿನ್ನ ಫೋಟೋ ಇಳಿಸಿದ್ರು. ಗೋಡೆ ಮೇಲೆ ಬೆಳ್ಳಗೆ ಒಂದು ಚೌಕ ಉಳಿದಿದೆ.

ಸಮಿತಿಯ ಶಿಫಾರಸು ಏನು ಗೊತ್ತಾ? ಕೂತಿದೀಯಾ? ಹೊಸ ಸೀಲು! ‘ವಿಚಾರಿಸಲಾಗಿದೆ, ತೊಂದರೆ ಇಲ್ಲ’. ದಿನಾಂಕ ತಿರುಗಿಸೋ ಚಕ್ರ ಬೇರೆ ಇದೆಯಂತೆ. ಮೊನ್ನೆ ಸಂಜೆ ಬಟ್ಟೆ ಕೊಡೋಕೆ ಹೋದಾಗ ಧಡ್ ಧಡ್ ಕೇಳಿಸ್ತು. ಚಕ್ರ ತಿರುಗಿಸಿ ನಾಳೆ ದಿನಾಂಕಕ್ಕೆ ಇಟ್ಕೊಂಡಿದ್ರು. ಥೂ, ಥೂ. ಕೀಲು ಡಾಕ್ಟರಿಗೆ ಮತ್ತೆ ಬರೆದು ಕೊಟ್ಟಿದೀನಿ. ಬಾಯಿಬಡಕಿ ಅಂತ ಹೆಸರಿಟ್ಟ ಮೇಲೆ ಬಡಕೊಳ್ಳೋದೇ.

ನಿನ್ನ ಕಾಗದದ ಕೊನೇ ಸಾಲು ನಾನು ಮರೆತಿಲ್ಲ. ‘ನಾನೂ ಬಾಯಿ ಬಿಡಲ್ಲ’. ಜೊತೆಲಿ ಒಂದು ಹಾಳೆ ಇಟ್ಟಿದೀನಿ. ಪ್ರಶ್ನೆ ನಾನು ಬರೆದಿದೀನಿ, ಕೆಳಗೆ ಜಾಗ ಬಿಟ್ಟಿದೀನಿ. ಬೆಳಗ್ಗೆ ನಿನ್ನ ಕೈ ಬರಲ್ಲ, ಸಂಜೆನೇ ಬರಿ. ಆದ್ರೆ ಮೈ ನೋಡ್ಕೊಂಡು ಬರಿ. ಎಷ್ಟು ಸಂಜೆ ಬೇಕಾದ್ರೂ ತಗೋ, ಕಾಯ್ತೀನಿ.

ಪುಟ್ಟಿ


ಏಪ್ರಿಲ್ 5

ಜ್ವರ ಇದೆಯಾ?

ಇಲ್ಲ. ಥರ್ಮಾಮೀಟರ್ ಇಟ್ಟು ನೋಡಿದೆ.

ಕೆಮ್ಮು?

ಬೆಳಗ್ಗೆ ಒಂದೆರಡು ಸಲ. ಕಫ ಇಲ್ಲ.

ಬಾಯಲ್ಲಿ ಹುಣ್ಣು?

ಇಲ್ಲ. ಹಲ್ಲು ಒಂದು ಅಲ್ಲಾಡ್ತಿದೆ.

ಮೈಮೇಲೆ ಎಲ್ಲಾದ್ರೂ ಗಾಯ?

ಇದೆ. ಎಡ ಮೊಣಕೈಲಿ. ನಿನಗೆ ಆ ಉದ್ದದ ಕಾಗದ ಬರೆಯೋವಾಗ ಮೇಜಿಗೆ ಊರಿ ಊರಿ ಸಿಪ್ಪೆ ಎದ್ದಿದೆ. ತೋಳಿನ ಬಟ್ಟೆ ಅಂಟ್ತಾ ಇತ್ತು, ಬಿಡಿಸಿ ನೋಡಿರಲಿಲ್ಲ. ನಿನ್ನ ಹಾಳೆ ಬಂದಮೇಲೆ ನೋಡಿದೆ. ಒಳಗೆ ಕೀವು.

ಮೂತ್ರ ಉರಿ?

ಇಲ್ಲ.

ಮನೇಲಿ ಯಾರಿಗಾದ್ರೂ ಅಂಟುಕಾಯಿಲೆ?

ಇಲ್ಲ. ನಿನ್ನ ಅಣ್ಣನಿಗೆ ಸೋಮಾರಿತನ.

ನಾನು ಕೇಳದೇ ಇರೋದು ಏನಾದ್ರೂ ಇದೆಯಾ?

ನಿನ್ನೆ ಡ್ರಿಪ್ ಇತ್ತು. ಆ ಹುಡುಗಿ ತಲೆ ಎತ್ತದೆ ಗೀಟು ಎಳೆಯೋಕೆ ಹೋದಾಗ ತೋಳಿನ ಬಟ್ಟೆ ಮೇಲೆ ಸರಿಸಿ ಅವಳ ಹಾಳೆ ಮೇಲೆ ಮೊಣಕೈ ಇಟ್ಟೆ. ಎದ್ದು ನಿಂತಳು. ಗಾಯ ತೊಳೆದು ಕಟ್ಟಿ, ಮೂರು ವಾರ ಬಿಟ್ಟು ಬನ್ನಿ ಅಂದಳು. ಡ್ರಿಪ್ ಇಲ್ಲದೆ ಮೂರು ವಾರ ಹೇಗಿರುತ್ತೆ ಅಂತ ನಿನಗೆ ಗೊತ್ತು.

ಬೆರಳು ನೋಯ್ತಾ ಇದಾವೆ, ಪುಟ್ಟಿ. ಹೋದ ಕಾಗದದಲ್ಲೂ ನೋಯ್ತಾ ಇದ್ವು, ಅದರ ಹಿಂದಿನದರಲ್ಲೂ. ಬಿಡುವಾದಾಗ ಬಾ. ಬಿಸಿನೀರು ನಾನೇ ಕಾಯಿಸಿಡ್ತೀನಿ, ಟವೆಲ್ ಹಿಂಡೋಕೆ ನನ್ನಿಂದ ಆಗಲ್ಲ.